ದಾರ ತಾಗುವ ಜಾಗ: ಅಗ್ಗದ ಫ್ಲೈ ಸಲಕರಣೆಗಳ ಜೊತೆ ಮೂರು ವರ್ಷ

ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಹಾಗಾಗಿ ಫ್ಲೈ, ಅಂದರೆ ಮೀನನ್ನು ಮರುಳು ಮಾಡಲು ಗಾಳದ ಕೊಕ್ಕೆಗೆ ಗರಿ, ಕೂದಲು ಕಟ್ಟಿ ಮಾಡುವ ಹುಸಿ ಕೀಟ, ಕಟ್ಟಲು ಕೂತ ಮೊದಲ ಸಂಜೆ ನನಗೆ ಸ್ವಲ್ಪ ಜಂಬವೇ ಇತ್ತು. ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಗಟ್ಟಲೆ ಸುತ್ತು ಸುತ್ತುವವನಿಗೆ, ಕೊಕ್ಕೆಯ ಮೇಲೆ ನಾಲ್ಕು ಸುತ್ತು ದಾರ ಹಾಕಿ ಒಂದು ಗರಿ ಕಟ್ಟುವುದೇನು ಮಹಾ ಅಂದುಕೊಂಡಿದ್ದೆ. ಆ ಸಂಜೆ ದಾರ ಹನ್ನೊಂದು ಸಲ ಕಡಿಯಿತು. ಹನ್ನೆರಡನೇ ಸಲ ನಾನೇ ಕತ್ತರಿಸಿ ಎದ್ದುಬಿಟ್ಟೆ.

ತಪ್ಪು ಕೈಯದ್ದೋ ಸಾಮಾನಿನದ್ದೋ ಅಂತ ತಿಳಿಯಲು ಒಂದು ವಾರ ಬೇಕಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಮಾತಿಗೆ ಹೆದರಿ ಮೊದಲು ನನ್ನ ಕೈಯನ್ನೇ ಬೈದುಕೊಂಡೆ. ಆಮೇಲೆ ನೋಡಿದರೆ ನೆಲ ನಿಜವಾಗಿಯೂ ಡೊಂಕಿತ್ತು.

ನಾನು ಕೊಂಡದ್ದು ಒಂದೇ ಡಬ್ಬಿಯಲ್ಲಿ ಎಲ್ಲವೂ ಬರುವ ಕಲಿಯುವವರ ಸೆಟ್ಟು. ಇದ್ದುದರಲ್ಲಿ ಅಗ್ಗದ್ದು. ಕೊಕ್ಕೆ ಹಿಡಿಯುವ ವೈಸ್, ದಾರದ ಉಂಡೆ ಹಿಡಿಯುವ ಬಾಬಿನ್, ಕತ್ತರಿ, ಗರಿ ಹಿಡಿಯುವ ಹ್ಯಾಕಲ್ ಪ್ಲೈಯರ್, ಬಾಡ್ಕಿನ್ ಅನ್ನುವ ಹಿಡಿಯಿರುವ ಸೂಜಿ, ಕೊನೆಯ ಗಂಟು ಹಾಕುವ ವಿಪ್ ಫಿನಿಶರ್, ಕೊಳವೆಗೆ ದಾರ ಪೋಣಿಸುವ ತಂತಿ, ಕೂದಲಿನ ತುದಿ ಸಮ ಮಾಡುವ ಹೇರ್ ಸ್ಟ್ಯಾಕರ್. ಮುಚ್ಚಳದ ಮೇಲೆ ಚೆಂದದ ಟ್ರೌಟ್ ಮೀನಿನ ಚಿತ್ರ. ಮೂರು ವರ್ಷದ ಮೇಲೆ ಆ ಡಬ್ಬಿಯಿಂದ ನನ್ನ ಮೇಜಿನ ಮೇಲೆ ಉಳಿದಿರುವುದು ಮೂರೇ ಸಾಮಾನು. ಉಳಿದವುಗಳ ಜಾಗದಲ್ಲಿ ಈಗ ಇರುವುದರಲ್ಲಿ ಹೆಚ್ಚಿನದೆಲ್ಲ ಮನೆಯ ಡ್ರಾಯರಿನಿಂದ ಎದ್ದುಬಂದದ್ದು. ಎರಡೇ ಎರಡಕ್ಕೆ ಮಾತ್ರ ಮತ್ತೆ ದುಡ್ಡು ಬಿಚ್ಚಿದ್ದೇನೆ.

ಮೊದಲು ಬಾಬಿನ್ ವಿಷಯ. ದಾರ ಕಡಿಯುತ್ತಿದ್ದುದು ಅದರಿಂದಲೇ.

ಬಾಬಿನ್ ಅಂದರೆ ಎರಡು ತಂತಿ ಕಾಲು, ಅವುಗಳ ನಡುವೆ ದಾರದ ಉಂಡೆ, ಮುಂದೆ ಒಂದು ಸಣ್ಣ ಕೊಳವೆ. ದಾರ ಕೊಳವೆಯ ಬಾಯಿಂದ ಹೊರಬರುತ್ತದೆ. ಇಡೀ ಕೆಲಸದಲ್ಲಿ ದಾರಕ್ಕೆ ಬಿಡುವಿಲ್ಲದೆ ಉಜ್ಜುವ ಲೋಹ ಅಂದರೆ ಆ ಬಾಯಿಯ ಅಂಚೊಂದೇ. ಮೋಟಾರಿನಲ್ಲೂ ಇದೇ ಕಥೆ. ಸ್ಟೇಟರ್ ಅನ್ನುವ ತಿರುಗದ ಭಾಗದಲ್ಲಿ ತಂತಿ ಕೂರುವ ಸೀಳಿನ ಅಂಚಿನಲ್ಲಿ ಲೋಹದ ಸಣ್ಣದೊಂದು ಸಿಬಿರು ಇದ್ದರೆ ಸಾಕು, ತಂತಿಯ ಮೇಲಿನ ಎನಾಮಲ್ ಕೆರೆದು ಆರು ತಿಂಗಳಲ್ಲಿ ಶಾರ್ಟ್ ಆಗುತ್ತದೆ. ಅದಕ್ಕೇ ನಾವು ತಂತಿ ಇಳಿಸುವ ಮೊದಲು ಪ್ರತಿ ಸೀಳಿಗೂ ಬೆರಳಾಡಿಸಿ ನೋಡುತ್ತೇವೆ. ದಿನಾ ಮೋಟಾರಿಗೆ ಮಾಡುವ ಈ ಪರೀಕ್ಷೆಯನ್ನು ನನ್ನದೇ ಬಾಬಿನ್ನಿಗೆ ಮಾಡಲು ನನಗೆ ಹೊಳೆದದ್ದು ವಾರದ ನಂತರ.

ಬೆರಳಿಗೆ ಅಷ್ಟು ಸಣ್ಣ ಅಂಚು ಸಿಗುವುದಿಲ್ಲ. ಕಡ್ಡಿಯ ತುದಿಗೆ ಒಂಚೂರು ಹತ್ತಿ ಸುತ್ತಿ ಕೊಳವೆಯ ಬಾಯೊಳಗೆ ಮೆಲ್ಲಗೆ ತಿರುಗಿಸಿ. ಹತ್ತಿಯ ಎಳೆ ಸಿಕ್ಕಿಕೊಂಡು ಉಳಿದರೆ ಅಲ್ಲಿ ಸಿಬಿರಿದೆ ಅಂತ ಅರ್ಥ. ನನ್ನದರಲ್ಲಿ ಎರಡು ಕಡೆ ಬಿಳಿ ಮೀಸೆ ಬಿಟ್ಟಂತೆ ಹತ್ತಿ ನಿಂತಿತು. ಸರಿಪಡಿಸುವುದು ಕಷ್ಟವಲ್ಲ. ದಪ್ಪ ನೂಲಿಗೆ ಹಿತ್ತಾಳೆ ಹೊಳಪಿಸುವ ಪೇಸ್ಟ್ ಬಳಿದು, ಕೊಳವೆಯೊಳಗೆ ತೂರಿಸಿ, ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಬಾಬಿನ್ನನ್ನು ಆ ನೂಲಿನ ಮೇಲೆ ಹಿಂದಕ್ಕೂ ಮುಂದಕ್ಕೂ, ಎಲ್ಲ ಕೋನಗಳಲ್ಲೂ ಎಳೆದಾಡಿದೆ. ಅರ್ಧ ಗಂಟೆ ಹಿಡಿಯಿತು. ಮತ್ತೆ ಹತ್ತಿ ಹಾಕಿ ನೋಡಿದರೆ ಎಳೆ ನಿಲ್ಲಲಿಲ್ಲ. ಅವತ್ತು ರಾತ್ರಿ ದಾರ ಕಡಿದದ್ದು ಎರಡೇ ಸಲ, ಎರಡೂ ಸಲ ತಪ್ಪು ನನ್ನದೇ. ದಾರ ಕೊಕ್ಕೆಯ ಮೊನೆಗೆ ತಾಗಿಸಿಬಿಟ್ಟಿದ್ದೆ.

ಕಾಲುಗಳ ಬಿಗಿತವೂ ನೋಡಬೇಕು. ಹೊಸ ಬಾಬಿನ್ನಿನ ಕಾಲುಗಳು ಉಂಡೆಯನ್ನು ಸಾಮಾನ್ಯವಾಗಿ ಅತಿಯಾಗಿ ಒತ್ತಿ ಹಿಡಿದಿರುತ್ತವೆ. ಉಂಡೆ ತೆಗೆದು ಎರಡೂ ಕಾಲನ್ನು ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಗ್ಗಿಸಿ. ಕೈಬಿಟ್ಟಾಗ ಬಾಬಿನ್ ತನ್ನ ತೂಕಕ್ಕೆ ಕೆಳಗಿಳಿಯದೆ ನೇತಾಡಬೇಕು, ಎಳೆದರೆ ತಡೆಯಿಲ್ಲದೆ ದಾರ ಬಿಡಬೇಕು. ಅಷ್ಟೇ ಅಳತೆ. ಕಲಿಯುವಾಗ 140 ಡೆನಿಯರ್ ದಾರ ಹಾಕಿಕೊಂಡರೆ ಒಳ್ಳೆಯದು. ಡೆನಿಯರ್ ಅಂದರೆ ಒಂಬತ್ತು ಸಾವಿರ ಮೀಟರ್ ದಾರದ ತೂಕ ಎಷ್ಟು ಗ್ರಾಂ ಅನ್ನುವ ಲೆಕ್ಕ. 70 ಡೆನಿಯರ್ ತೂಕದಲ್ಲಿ ಇದರ ಅರ್ಧ, ಕೋಪದಲ್ಲಿ ಎರಡರಷ್ಟು. ನಾನು ಜಂಬದಲ್ಲಿ 70ರಿಂದಲೇ ಶುರು ಮಾಡಿದ್ದೆ.

ಹಾಗಾದರೆ ಉಜ್ಜಿ ಸರಿ ಮಾಡಿದ ಆ ಬಾಬಿನ್ ಈಗ ಎಲ್ಲಿ? ಅದರಲ್ಲಿ ತಂತಿಯ ಉಂಡೆ ಹಾಕಿಟ್ಟಿದ್ದೇನೆ. ದಾರಕ್ಕೆ ಮಾತ್ರ ಸೆರಾಮಿಕ್ ಕೊಳವೆಯದ್ದು ಕೊಂಡೆ. ದುಡ್ಡು ಬಿಚ್ಚಿದ್ದು ಎರಡಕ್ಕೆ ಅಂದೆನಲ್ಲ, ಅದರಲ್ಲಿ ಇದು ಒಂದು. ಸೆರಾಮಿಕ್ಕಿನ ಅಂಚು ಗಾಜಿನಂತೆ ನುಣುಪು, ದಾರಕ್ಕೆ ಅದು ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಆದರೆ ಗಾಜಿನ ಗುಣದ ಜೊತೆ ಗಾಜಿನ ಅವಗುಣವೂ ಬರುತ್ತದೆ. ಅದರ ಕಥೆ ಕೊನೆಗೆ ಹೇಳುತ್ತೇನೆ.

ದಾರ ಪೋಣಿಸುವ ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಟ್ಟಿನದ್ದು ಎರಡನೇ ದಿನವೇ ಕಳೆಯಿತು. ಹಲ್ಲಿನ ಸೇತುವೆಯ ಕೆಳಗೆ ಫ್ಲಾಸ್ ತೂರಿಸಲು ಔಷಧಿ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕುಣಿಕೆ ಇದೆಯಲ್ಲ, ಅದು ಇದಕ್ಕೆಂದೇ ಮಾಡಿದಂತಿದೆ. ಕಟ್ಟಿನಲ್ಲಿ ಹತ್ತಾರು ಇರುತ್ತವೆ, ಕಳೆದರೂ ಚಿಂತೆಯಿಲ್ಲ, ಲೋಹವಲ್ಲವಾದ್ದರಿಂದ ಸೆರಾಮಿಕ್ಕನ್ನು ಗೀಚುವುದೂ ಇಲ್ಲ. ಕೊಳವೆಯಲ್ಲಿ ದಾರದ ಮೇಣ ಕಟ್ಟಿಕೊಂಡರೆ ದಪ್ಪ ಗಾಳದ ನೈಲಾನ್ ಎಳೆಯ ಒಂದು ತುಂಡು ತೂರಿಸಿ ನೂಕಿದರೆ ಆಯಿತು.

ಎರಡನೆಯದು ಕತ್ತರಿ. ಇಲ್ಲಿ ನನ್ನ ಮಾತು ಖಡಾಖಂಡಿತ: ಸೆಟ್ಟಿನ ಕತ್ತರಿಯನ್ನು ಮೊದಲ ದಿನವೇ ತಂತಿ ಕತ್ತರಿಸುವ ಕೆಲಸಕ್ಕೆ ಇಳಿಸಿಬಿಡಿ. ನನ್ನದರ ಎರಡು ಅಲಗುಗಳ ತುದಿಗಳು ಒಂದಕ್ಕೊಂದು ಸೇರುತ್ತಲೇ ಇರಲಿಲ್ಲ. ತುದಿಯ ಹತ್ತಿರ ದಾರ ಸಿಕ್ಕಿಸಿ ಮುಚ್ಚಿದರೆ ಅದು ಕತ್ತರಿಸುವ ಬದಲು ಮಡಚಿಕೊಂಡು ಎರಡು ಅಲಗಿನ ನಡುವೆ ಮಲಗುತ್ತಿತ್ತು. ಇನ್ನು ಹಿಡಿಯ ಉಂಗುರಗಳು ಯಾರ ಬೆರಳಿಗೆ ಮಾಡಿದ್ದವೋ ದೇವರೇ ಬಲ್ಲ. ನನ್ನ ಹೆಬ್ಬೆರಳು ಒಳಗೆ ಹೋದರೆ ಹೊರಬರಲು ಸೋಪು ಬೇಕು.

ಫ್ಲೈ ಕಟ್ಟುವಾಗ ಕತ್ತರಿಯ ಕೆಲಸವೆಲ್ಲ ತುದಿಯ ಮೂರು ಮಿಲಿಮೀಟರಿನಲ್ಲಿ. ಕೊಕ್ಕೆಯ ಕಣ್ಣಿನ ಪಕ್ಕದಲ್ಲಿ ಗರಿಯ ಕಾಂಡ ಕತ್ತರಿಸಬೇಕು, ಅದರ ಅರ್ಧ ಮಿಲಿಮೀಟರ್ ಆಚೆಗೆ ಜೀವ ಹಿಡಿದು ನಿಂತ ದಾರ ಇರುತ್ತದೆ. ತುದಿ ಮೊಂಡಾಗಿದ್ದರೆ ಎರಡೂ ಹೋಗುತ್ತವೆ. ನಾನೀಗ ಬಳಸುವುದು ಕಣ್ಣಿನ ಶಸ್ತ್ರಚಿಕಿತ್ಸೆಗೆ ಅಂತ ಮಾಡುವ ಐರಿಸ್ ಕತ್ತರಿಯ ಜಾತಿಯದ್ದು, ಒಂದು ಅಲಗಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗರಗಸ ಹಲ್ಲು. ಆ ಹಲ್ಲು ಜಾರುವ ಜಿಂಕೆ ಕೂದಲನ್ನು ಹಿಡಿದು ನಿಲ್ಲಿಸುತ್ತದೆ. ಕಸೂತಿಯ ಕತ್ತರಿಯಿಂದಲೂ ಕೆಲಸ ನಡೆಯುತ್ತದೆ, ಎರಡು ತಿಂಗಳು ಹೆಂಡತಿಯದ್ದನ್ನು ಕದ್ದು ನಡೆಸಿದ್ದೇನೆ. ಸಿಕ್ಕಿಬಿದ್ದದ್ದು ಅದರ ಅಲಗಿಗೆ ಅಂಟಿದ್ದ ಕೋಳಿಯ ಪುಕ್ಕದಿಂದ. ಕೊಳ್ಳುವ ಮೊದಲ ಪರೀಕ್ಷೆ ಒಂದೇ: ತೆಳು ಟಿಶ್ಯೂ ಕಾಗದವನ್ನು ಒದ್ದೆ ಮಾಡಿ ಬರೀ ತುದಿಯಿಂದ ಕತ್ತರಿಸಿ. ಹರಿದರೆ ಬೇಡ, ಕತ್ತರಿಸಿದರೆ ತನ್ನಿ. ತಂದ ಮೇಲೆ ಆ ಕತ್ತರಿಗೆ ತಂತಿ ತೋರಿಸಲೇಬೇಡಿ.

ಬಾಬಿನ್ನು, ಕತ್ತರಿ. ಇವೆರಡು ಮುಗಿದ ಮೇಲೆ ಜಿಪುಣತನಕ್ಕೆ ಧಾರಾಳ ಅವಕಾಶವಿದೆ.

ವೈಸ್ ಬಗ್ಗೆ ನನ್ನ ಮಾತನ್ನು ಬಹಳ ಜನ ಒಪ್ಪುವುದಿಲ್ಲ. ಮೊದಲು ಒಳ್ಳೆಯ ವೈಸ್ ಕೊಳ್ಳಿ, ಉಳಿದದ್ದು ಆಮೇಲೆ ಅನ್ನುವವರೇ ಹೆಚ್ಚು. ರೆನ್ಜೆಟ್ಟಿ, ರೀಗಲ್, ಡೈನಾ ಕಿಂಗ್ ಎಲ್ಲ ಚೆನ್ನಾಗಿವೆ, ಇಲ್ಲ ಅನ್ನುವುದಿಲ್ಲ. ಗೆಳೆಯನ ಮನೆಯ ರೀಗಲ್‌ನಲ್ಲಿ ಕೂತು ಕಟ್ಟಿದ್ದೇನೆ. ಹಿಡಿ ಒತ್ತಿದರೆ ದವಡೆ ತೆರೆಯುತ್ತದೆ, ಬಿಟ್ಟರೆ ಮೊಸಳೆಯಂತೆ ಕಚ್ಚುತ್ತದೆ, ಹೊಂದಿಸುವ ಗೋಜೇ ಇಲ್ಲ. ಆದರೆ ವೈಸ್ ಮಾಡುವ ಕೆಲಸ ಏನು? ಕೊಕ್ಕೆ ಅಲ್ಲಾಡದಂತೆ ಹಿಡಿಯುವುದು. ದಾರ ಅದಕ್ಕೆ ತಾಗುವುದೇ ಇಲ್ಲ. ಬೆರಳಲ್ಲೇ ಕೊಕ್ಕೆ ಹಿಡಿದು ಕಟ್ಟಿದವರೂ ಇದ್ದರು. ಸುಮಾರು ಸಾವಿರದ ಎಂಟುನೂರು ವರ್ಷದ ಹಿಂದೆ ಈಲಿಯನ್ ಎಂಬ ರೋಮನ್ ಬರಹಗಾರ ಮ್ಯಾಸಿಡೋನಿಯಾದ ಬೆಸ್ತರ ಬಗ್ಗೆ ಬರೆದಿದ್ದಾನೆ. ಅವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗದ್ದದ ಕೆಳಗಿನ ಎರಡು ಗರಿ ಸಿಕ್ಕಿಸಿ ಮೀನು ಹಿಡಿಯುತ್ತಿದ್ದರಂತೆ. ಅವರ ಮೇಜಿಗೆ ವೈಸ್ ಕಚ್ಚಿಸಿರಲಿಲ್ಲ, ಮೇಜೇ ಇತ್ತೋ ಇಲ್ಲವೋ.

ನನ್ನ ಸೆಟ್ಟಿನ ವೈಸ್ ಹಳೆಯ ಥಾಂಪ್ಸನ್ ಎ ಮಾದರಿಯ ನಕಲು. ಹಿಂದಿನ ಸನ್ನೆ ಒತ್ತಿದರೆ ಒಳಗಿನ ಸರಳು ದವಡೆಯನ್ನು ಇಳಿಜಾರಾದ ತೋಳಿನೊಳಕ್ಕೆ ಎಳೆಯುತ್ತದೆ, ದವಡೆ ಮುಚ್ಚಿಕೊಳ್ಳುತ್ತದೆ. ಸರಳ ಯಂತ್ರ, ಕೆಡುವಂಥದ್ದು ಏನೂ ಇಲ್ಲ. ದೋಷ ಉಕ್ಕಿನಲ್ಲಿದೆ. ದವಡೆ ಮೆದು, ಕೊಕ್ಕೆ ಗಟ್ಟಿ. ಸನ್ನೆಯನ್ನು ಬಲ ಹಾಕಿ ಒತ್ತಿದರೆ ಕೊಕ್ಕೆಯ ಅಚ್ಚು ದವಡೆಯಲ್ಲಿ ಗುಳಿಯಾಗಿ ಬೀಳುತ್ತದೆ, ಮುಂದಿನ ಸಲ ಬೇರೆ ಅಳತೆಯ ಕೊಕ್ಕೆ ಅದೇ ಗುಳಿಯಲ್ಲಿ ಕೂತು ಜಾರುತ್ತದೆ. ನನಗೂ ಹಾಗೇ ಆಯಿತು. ದವಡೆ ಬಿಚ್ಚಿ, ಗಾಜಿನ ತುಂಡಿನ ಮೇಲೆ ನುಣ್ಣನೆಯ ಎಮರಿ ಕಾಗದ ಹಾಸಿ, ಒಳಮುಖವನ್ನು ನಾಲ್ಕಾರು ಸಲ ತೀಡಿ ಸಮ ಮಾಡಿದೆ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ದವಡೆಯ ಅಂತರವನ್ನು ಮೊದಲು ಹೊಂದಿಸಿ, ಸನ್ನೆಯನ್ನು ಎರಡು ಬೆರಳ ಬಲಕ್ಕಷ್ಟೇ ಒತ್ತುವುದು. ಸಣ್ಣ ಕೊಕ್ಕೆ ದವಡೆಯ ತುದಿಗೆ, ದೊಡ್ಡದು ಒಳಕ್ಕೆ. ಹಿಡಿಸುವುದು ಬಾಗಿನ ಕೆಳಭಾಗವನ್ನು, ಮೊನೆಯನ್ನಲ್ಲ.

ಹತ್ತರಿಂದ ಹದಿನಾಲ್ಕು ನಂಬರಿನ ಕೊಕ್ಕೆಗೆ ಈ ವೈಸ್ ಸಾಕೋ ಸಾಕು. ಇಪ್ಪತ್ತರ ಕೊಕ್ಕೆಗೆ ಅದರ ಮೂತಿ ದಪ್ಪ, ಬೆರಳಿಗೆ ಜಾಗ ಉಳಿಯುವುದಿಲ್ಲ. ಹೊಸಬರು ಗಮನಿಸಿ, ಇಲ್ಲಿ ನಂಬರು ಹೆಚ್ಚಾದಷ್ಟೂ ಕೊಕ್ಕೆ ಸಣ್ಣದು. ಸಮುದ್ರದ ದೊಡ್ಡ ಕೊಕ್ಕೆಗಳಿಗೆ ಈ ವೈಸ್ ಹೇಳಿದ್ದಲ್ಲ. ಒಂದು ಅರ್ಧರಾತ್ರಿ 2/0 ಅನ್ನುವ ಅಂಥದೊಂದು ದೊಡ್ಡ ಕೊಕ್ಕೆ ದವಡೆಯಿಂದ ಹಾರಿ ಪರದೆಗೆ ನೇತುಬಿತ್ತು, ಬೆಳಿಗ್ಗೆಯವರೆಗೂ ಸಿಗಲಿಲ್ಲ. ಕೊಕ್ಕೆಯ ಮೊನೆಯ ಹಿಂದಿನ ಮುಳ್ಳು ಚಪ್ಪಟೆ ಮಾಡುವಾಗಲೂ ಇಂಥದೇ ಹಾರಾಟ ಇರುತ್ತದೆ. ಕನ್ನಡಕ ಹಾಕಿಕೊಂಡೇ ಮಾಡಿ.

ಮೇಜಿಗೆ ಕಚ್ಚುವ ಕ್ಲಾಂಪ್ ಇರುವುದೇ ಮೇಲು. ಅಗ್ಗದ ಸೆಟ್ಟುಗಳಲ್ಲಿ ಬರುವ ನಿಲ್ಲಿಸುವ ಪೀಠ ಹಗುರ, ದಾರ ಎಳೆದರೆ ವೈಸೇ ನಿಮ್ಮ ಕಡೆಗೆ ಬರುತ್ತದೆ. ಇನ್ನು ತಿರುಗುವ ರೋಟರಿ ವೈಸ್. ಕೊಕ್ಕೆಯ ದಂಡವೇ ಅಕ್ಷವಾಗಿ ತಿರುಗುವ ನಿಜವಾದ ರೋಟರಿ ಬೇರೆ, ದವಡೆ ಸುಮ್ಮನೆ ಗಿರಕಿ ಹೊಡೆಯುವ ಅಗ್ಗದ ರೋಟರಿ ಬೇರೆ. ಎರಡನೆಯದು ಆಚೆ ಬದಿ ಹೇಗಿದೆ ಅಂತ ನೋಡಲಷ್ಟೇ ಉಪಯೋಗ. ಅದಕ್ಕೆ ನಾನು ವೈಸ್ ಹಿಂದೆ ಒಂದು ಸಣ್ಣ ಕೈಗನ್ನಡಿ ಓರೆಯಾಗಿ ಒರಗಿಸಿಟ್ಟಿದ್ದೇನೆ. ಕೈ ಎತ್ತದೆ ಆಚೆ ಬದಿ ಕಾಣುತ್ತದೆ.

ಹ್ಯಾಕಲ್ ಪ್ಲೈಯರ್ ಸೆಟ್ಟಿನದ್ದೇ ಇದೆ, ಆದರೆ ತುಸು ರಿಪೇರಿಯಾಗಿ. ಅದರ ದವಡೆ ಒಂದು ಬದಿ ಚೂಪಾಗಿ ಗರಿಯ ತುದಿಯನ್ನು ಕಡಿಯುತ್ತಿತ್ತು, ಇನ್ನೊಂದು ಬದಿ ಹಿಡಿಯದೆ ಜಾರಿಸುತ್ತಿತ್ತು. ಒಂದೇ ಸಾಮಾನಿನಲ್ಲಿ ಎರಡು ವಿರುದ್ಧ ದೋಷ, ಭಲೇ ಅನ್ನಬೇಕು. ವುಲಿ ಬಗರ್ ಅನ್ನುವ ಫ್ಲೈ ಕಟ್ಟುವಾಗ ಗರಿಯನ್ನು ಮೈಯುದ್ದಕ್ಕೂ ಸುರುಳಿಯಾಗಿ ಸುತ್ತಬೇಕು. ಐದನೇ ಸುತ್ತಿನಲ್ಲಿ ಗರಿ ಜಾರಿ ಎಲ್ಲ ಬಿಚ್ಚಿಕೊಂಡಾಗ ಬರುವ ಸಿಟ್ಟು ಅನುಭವಿಸಿದವರಿಗೇ ಗೊತ್ತು. ವೈಂಡಿಂಗ್ ಮೇಜಿನ ಮೇಲಿದ್ದ ಹೀಟ್ ಶ್ರಿಂಕ್ ಕೊಳವೆಯ ಐದು ಮಿಲಿಮೀಟರ್ ತುಂಡನ್ನು ಒಂದು ದವಡೆಗೆ ತೊಡಿಸಿ ಬೆಂಕಿಕಡ್ಡಿಯ ಶಾಖ ತೋರಿಸಿದೆ. ಅದು ಕುಗ್ಗಿ ಚರ್ಮದಂತೆ ಅಂಟಿಕೊಂಡಿತು. ಕಡಿಯುವುದೂ ನಿಂತಿತು, ಜಾರುವುದೂ ನಿಂತಿತು. ಎರಡೂವರೆ ವರ್ಷದಲ್ಲಿ ಒಮ್ಮೆ ಮಾತ್ರ ಆ ತೊಗಲು ಬದಲಾಯಿಸಿದ್ದೇನೆ.

ವಿಪ್ ಫಿನಿಶರ್ ಸೆಟ್ಟಿನಲ್ಲಿದ್ದ ಮುತ್ತು. ಬಾಗಿದ ಕಡ್ಡಿ, ತಿರುಗುವ ಹಿಡಿ, ಅಷ್ಟೇ. ಮೊದಲು ನೋಡಿದಾಗ ಯಾರೋ ಬಗ್ಗಿಸಿ ಬಿಸಾಡಿದ ತಂತಿ ಅನ್ನಿಸುತ್ತದೆ. ದಾರವನ್ನು ಕೊಕ್ಕೆಯಂಥ ತುದಿಗೂ ಮೊಣಕೈಯಂಥ ಬಾಗಿಗೂ ಸಿಕ್ಕಿಸಿ, ಹಿಡಿಯನ್ನು ಕೊಕ್ಕೆಯ ದಂಡಕ್ಕೆ ಸಮಾನಾಂತರವಾಗಿ ತಂದಾಗ ದಾರದಲ್ಲಿ ಇಂಗ್ಲಿಷಿನ ನಾಲ್ಕರ ಅಂಕಿ ಮೂಡುತ್ತದೆ. ಆ ನಾಲ್ಕು ಕಂಡಮೇಲೆ ಐದು ಸುತ್ತು ತಿರುಗಿಸಿ, ಮೊಣಕೈಯಿಂದ ದಾರ ಬಿಡಿಸಿ, ಎಳೆದರೆ ಗಂಟು ತನ್ನೊಳಗೇ ತಾನು ಹುದುಗಿಕೊಳ್ಳುತ್ತದೆ. ನನಗೆ ನಾಲ್ಕು ಕಾಣಲು ಮೂರು ಸಂಜೆ ಹಿಡಿಯಿತು. ಕಂಡ ಮೇಲೆ ಸೈಕಲ್ಲಿನಂತೆ, ಮರೆಯುವುದಿಲ್ಲ. ಅಲ್ಲಿಯವರೆಗೆ ನನ್ನನ್ನು ಕಾಪಾಡಿದ್ದು ಖಾಲಿ ಬಾಲ್ ಪೆನ್. ಒಳಗಿನ ಕಡ್ಡಿ ತೆಗೆದರೆ ಮೂತಿಯಲ್ಲಿ ತೂತು ಉಳಿಯುತ್ತದೆ. ಮೂತಿಗೆ ದಾರ ಒಂದು ಸುತ್ತು ಸುತ್ತಿ, ತೂತನ್ನು ಕೊಕ್ಕೆಯ ಕಣ್ಣಿಗೆ ತೊಡಿಸಿ, ದಾರವನ್ನು ಜಾರಿಸಿದರೆ ಅರೆಗಂಟು ಬೀಳುತ್ತದೆ. ಅಂಥ ಮೂರು ಹಾಕಿ ಮೇಲೆ ವಾರ್ನಿಶ್ ತಾಗಿಸಿದರೆ ಗಟ್ಟಿ ನಿಲ್ಲುತ್ತದೆ. ಆ ಪೆನ್ನಿನ್ನೂ ಡಬ್ಬಿಯಲ್ಲಿದೆ, ಕೃತಜ್ಞತೆಗಾಗಿ.

ವಾರ್ನಿಶ್ ಅಂದಾಗ ನನ್ನ ದಡ್ಡತನವೊಂದನ್ನು ಹೇಳಬೇಕು. ಅಂಗಡಿಯಲ್ಲಿ ಮೋಟಾರಿಗೆ ಬಳಿಯುವ ಇನ್ಸುಲೇಟಿಂಗ್ ವಾರ್ನಿಶ್ ಡಬ್ಬಿಗಟ್ಟಲೆ ಇದೆಯಲ್ಲ, ಫ್ಲೈ ತಲೆಗೆ ಬೇರೆ ಯಾಕೆ ಕೊಳ್ಳಬೇಕು ಅಂತ ಹದಿನೈದು ಫ್ಲೈಗಳಿಗೆ ಅದನ್ನೇ ಬಳಿದೆ. ಅದು ಒಲೆಯಲ್ಲಿ ಬೇಯಿಸಿ ಒಣಗಿಸುವ ಜಾತಿ. ಗರಿಯನ್ನು ಒಲೆಗೆ ಹಾಕುವುದುಂಟೇ? ನಾಲ್ಕು ದಿನವಾದರೂ ಅಂಟಂಟು. ಹದಿನೈದೂ ಡಬ್ಬಿಯಲ್ಲಿ ಒಂದಕ್ಕೊಂದು ಅಂಟಿ ಒಂದೇ ದೊಡ್ಡ ಕೀಟವಾದವು. ಈಗ ಬಣ್ಣವಿಲ್ಲದ ಉಗುರುಬಣ್ಣ. ಸ್ಯಾಲಿ ಹ್ಯಾನ್ಸೆನ್ ಹಾರ್ಡ್ ಆ್ಯಸ್ ನೇಲ್ಸ್ ಅನ್ನುವುದು ಫ್ಲೈ ಕಟ್ಟುವವರ ನಡುವೆ ಬಹಳ ಕಾಲದಿಂದ ಚಾಲ್ತಿಯಲ್ಲಿದೆ, ಯಾವ ಕಂಪನಿಯದ್ದಾದರೂ ನಡೆಯುತ್ತದೆ. ಅದರ ಕುಂಚ ಮಾತ್ರ ದಪ್ಪ. ಬಾಡ್ಕಿನ್ ತುದಿಯಿಂದ ಒಂದು ಹನಿ ಎತ್ತಿ ಇಡಿ, ಕೊಕ್ಕೆಯ ಕಣ್ಣು ಮುಚ್ಚಿದರೆ ಒಣಗುವ ಮೊದಲೇ ಒಂದು ಪುಕ್ಕದ ಕಾಂಡ ತೂರಿಸಿ ತೆರೆಯಿರಿ. ಸೆಟ್ಟಿನ ಬಾಡ್ಕಿನ್ ಹಿಡಿಯಿಂದ ಕಳಚಿಹೋಗಿ ಬಹಳ ಕಾಲವಾಯಿತು. ಹೊಲಿಗೆಯ ದಪ್ಪ ಸೂಜಿಯನ್ನು ಮರದ ತುಂಡಿಗೆ ಅಂಟಿಸಿದ್ದೇ ಈಗ ಬಾಡ್ಕಿನ್. ಹಿಡಿ ಚೌಕವಾಗಿರಲಿ, ದುಂಡಗಿದ್ದರೆ ಮೇಜಿನಿಂದ ಉರುಳಿ ನೇರ ಪಾದಕ್ಕೆ ಬರುತ್ತದೆ.

ಬೆಳಕು ಬೀರಿ ಗಟ್ಟಿ ಮಾಡುವ ಯುವಿ ರೆಸಿನ್ನಿನ ಹುಚ್ಚು ನನಗೆ ಹಿಡಿದಿಲ್ಲ. ಕೀಲಿಗೊಂಚಲಿನ ಗಾತ್ರದ ಅಗ್ಗದ ಟಾರ್ಚು ತಂದು ನೋಡಿದೆ. ಮೇಲ್ಮೈ ಜಿಗುಟಾಗಿಯೇ ಉಳಿಯಿತು, ಆಲ್ಕೋಹಾಲಿನಲ್ಲಿ ಒರೆಸಬೇಕಾಯಿತು. 395 ನ್ಯಾನೋಮೀಟರಿನ ಟಾರ್ಚು, 365ರದ್ದು ಅಂತ ಎರಡು ಬಗೆ ಸಿಗುತ್ತವೆ. ರೆಸಿನ್ ಬಾಟಲಿಯ ಮೇಲೆ ಯಾವುದು ಬೇಕು ಅಂತ ಬರೆದಿದೆಯೋ ಅದನ್ನೇ ತನ್ನಿ, ಕಣ್ಣಿಗೆ ಮಾತ್ರ ಹಿಡಿಯಬೇಡಿ.

ಹೇರ್ ಸ್ಟ್ಯಾಕರ್ ಸೆಟ್ಟಿನಲ್ಲಿ ಬಂದದ್ದು ಬರೀ ಭಾರ. ಜಿಂಕೆಯದ್ದೋ ಎಲ್ಕ್‌ನದ್ದೋ ಕೂದಲನ್ನು ತುದಿ ಕೆಳಗಾಗಿ ಕೊಳವೆಗೆ ಹಾಕಿ ಮೇಜಿಗೆ ನಾಲ್ಕು ಸಲ ಕುಟ್ಟಿದರೆ ತುದಿಗಳೆಲ್ಲ ಸಮವಾಗಬೇಕು. 1957ರಲ್ಲಿ ಆಲ್ ಟ್ರೋತ್ ಕಟ್ಟಿದ ಎಲ್ಕ್ ಹೇರ್ ಕ್ಯಾಡಿಸ್ ಅನ್ನುವ ಫ್ಲೈಯ ಇಡೀ ಚೆಂದವೇ ಆ ಸಮತುದಿಯ ರೆಕ್ಕೆಯಲ್ಲಿದೆ. ನನ್ನದರಲ್ಲಿ ಕೊಳವೆ ತಳಕ್ಕೆ ಕೂರುವ ಜಾಗದಲ್ಲಿ ಒಂದು ಸಣ್ಣ ಮೆಟ್ಟಿಲಿತ್ತು. ಕೂದಲ ತುದಿಗಳೆಲ್ಲ ಅಲ್ಲಿ ಸಿಕ್ಕಿ ಬಗ್ಗುತ್ತಿದ್ದವು. ಮತ್ತೆ ಅಂಚಿನ ಕಥೆಯೇ ನೋಡಿ. ಖಾಲಿ ಲಿಪ್ ಬಾಮ್ ಕೊಳವೆ ತೊಳೆದು ಒಣಗಿಸಿ ಹಾಕಿದೆ, ಅದರಲ್ಲಿ ಚೆನ್ನಾಗಿ ಆಗುತ್ತದೆ. ಪ್ಲಾಸ್ಟಿಕ್ಕಾದ್ದರಿಂದ ಕೂದಲು ಗೋಡೆಗೆ ಅಂಟುತ್ತದೆ, ಒಂದು ಚಿಟಿಕೆ ಪೌಡರ್ ಉದುರಿಸಿದರೆ ಅಂಟುವುದಿಲ್ಲ. ಕುಟ್ಟುವ ಮೊದಲು ಬುಡದ ತುಪ್ಪಳವನ್ನು ಬಾಚಿ ತೆಗೆಯಲೇಬೇಕು. ಅದಕ್ಕೆ ಮಗಳು ಬಿಸಾಡಿದ ರೆಪ್ಪೆ ಬಾಚುವ ಪುಟ್ಟ ಬಾಚಣಿಗೆಯಷ್ಟು ಒಳ್ಳೆಯ ಸಲಕರಣೆ ಯಾವ ಕಂಪನಿಯೂ ಮಾಡಿಲ್ಲ.

ಡ್ರಾಯರಿನ ಉಳಿದ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ವೆಲ್ಕ್ರೋ ಪಟ್ಟಿಯ ಒರಟು ಬದಿಯನ್ನು ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿದರೆ ಡಬ್ಬಿಂಗ್, ಅಂದರೆ ದಾರಕ್ಕೆ ಹೊಸೆದ ತುಪ್ಪಳ, ಕೆದಕುವ ಬ್ರಶ್. ಮೈಗೆ ಸುತ್ತಿದ ತುಪ್ಪಳವನ್ನು ಎರಡು ಸಲ ಕೆರೆದರೆ ಕಾಲು ಮೂಡಿದಂತೆ ಎಳೆಗಳು ಎದ್ದುಬರುತ್ತವೆ. ಕಾಗದ ಕಚ್ಚುವ ಬೈಂಡರ್ ಕ್ಲಿಪ್ಪು ಸಿಡಿಸಿ ಅನ್ನುವ, ಬಾತುಕೋಳಿಯ ಬಾಲದ ಬುಡದ ಮೆತ್ತನೆ ಗರಿಯ ಎಳೆಗಳನ್ನು ಸಾಲಾಗಿ ಕಚ್ಚಿ ಹಿಡಿಯುತ್ತದೆ, ಕಾಂಡ ಕತ್ತರಿಸಿ ಹಾಗೇ ದಾರದ ಕುಣಿಕೆಗೆ ಸೇರಿಸಬಹುದು. ಕುಣಿಕೆ ತಿರುಚಲು ತಾಮ್ರದ ಕೊಕ್ಕೆಗೆ ಭಾರದ ಒಂದು ನಟ್ಟು ಕಟ್ಟಿಕೊಂಡಿದ್ದೇನೆ, ಬುಗುರಿಯಂತೆ ತಿರುಗುತ್ತದೆ. ಸ್ಟ್ರಾವನ್ನು ಒಂದು ಸೆಂಟಿಮೀಟರ್ ಕತ್ತರಿಸಿ ಉದ್ದಕ್ಕೆ ಸೀಳಿದರೆ ಗಂಟು ಹಾಕುವಾಗ ಗರಿಗಳನ್ನು ಹಿಂದಕ್ಕೆ ಒತ್ತಿಹಿಡಿಯುವ ಕಾಲರು. ಮಡ್ಲರ್ ಮಿನ್ನೋ ಅನ್ನುವ ಫ್ಲೈಯ ಜಿಂಕೆ ಕೂದಲ ತಲೆ ಕೆತ್ತಲು ಕತ್ತರಿಗಿಂತ ಹಳೇ ಕಾಲದ ಎರಡಲಗಿನ ಬ್ಲೇಡಿನ ಅರ್ಧ ತುಂಡು ಮೇಲು, ಬಿಲ್ಲಿನಂತೆ ಬಗ್ಗಿಸಿದರೆ ದುಂಡಗೆ ಕತ್ತರಿಸುತ್ತದೆ. ಮುರಿಯುವಾಗ ಕಾಗದದ ಹೊದಿಕೆ ಬಿಚ್ಚದೆ ಮುರಿಯಿರಿ. ಕೆಟ್ಟ ಸ್ಪೀಕರಿನ ಅಯಸ್ಕಾಂತದ ಮೇಲೆ ಕೊಕ್ಕೆಗಳನ್ನು ಇಟ್ಟುಕೊಂಡರೆ ಚೆಲ್ಲುವುದಿಲ್ಲ. ಕತ್ತರಿಯನ್ನು ಮಾತ್ರ ಅದರ ಹತ್ತಿರ ಇಡಬೇಡಿ, ನನ್ನದು ಅಯಸ್ಕಾಂತವಾಗಿ ಒಂದು ತಿಂಗಳು ಕೊಕ್ಕೆಗಳನ್ನೆಲ್ಲ ಎಳೆದುಕೊಂಡು ಓಡಾಡಿತು.

ಬೆಳಕಿಗೆ ಖರ್ಚು ಮಾಡಿ ಅನ್ನುತ್ತಾರೆ. ನಾನು ಮಗಳು ಓದುವ ಎಲ್‌ಇಡಿ ದೀಪವನ್ನೇ ರಾತ್ರಿ ಒಂಬತ್ತರ ಮೇಲೆ ಎರವಲು ಪಡೆಯುತ್ತೇನೆ. ಅದಕ್ಕಿಂತ ಕೆಲಸಕ್ಕೆ ಬಂದದ್ದು ವೈಸ್ ಹಿಂದೆ ನಿಲ್ಲಿಸಿದ ತಿಳಿಹಸಿರು ರಟ್ಟು ಮತ್ತು ಎರಡೂವರೆ ಪವರಿನ ಓದುವ ಕನ್ನಡಕ. ಹಿಂದೆ ಏನೇನೋ ಕಾಣುತ್ತಿದ್ದರೆ ಕಣ್ಣು ದಾರ ಬಿಟ್ಟು ಅತ್ತ ಓಡುತ್ತದೆ, ರಟ್ಟು ಇಟ್ಟರೆ ದಾರವೊಂದೇ ಉಳಿಯುತ್ತದೆ. ಸ್ಕಾಟ್ಲೆಂಡಿನ ಮೇಗನ್ ಬಾಯ್ಡ್ ಅನ್ನುವಾಕೆ ಸಾಲ್ಮನ್ ಫ್ಲೈಗಳಿಗೆ ಜಗತ್ತಿನಲ್ಲೇ ಹೆಸರು ಮಾಡಿದವರು. 1971ರಲ್ಲಿ ಬ್ರಿಟಿಷ್ ಎಂಪೈರ್ ಪದಕ ಕೂಡ ಬಂತು. ಅವರ ಪುಟ್ಟ ಮನೆಯಲ್ಲಿ ಎಷ್ಟೋ ವರ್ಷ ವಿದ್ಯುತ್ತೇ ಇರಲಿಲ್ಲ. ದೀಪದ ಬಗ್ಗೆ ಗೊಣಗಲು ಹೊರಟಾಗಲೆಲ್ಲ ನನಗೆ ಆ ಮನೆ ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತೇನೆ.

ಇನ್ನು ಸೆರಾಮಿಕ್ ಬಾಬಿನ್ನಿನ ಕಥೆ. ಮೊದಲನೆಯದು ನನ್ನ ಜೊತೆ ಹದಿನಾಲ್ಕು ತಿಂಗಳು ಇತ್ತು. ಕಳೆದ ಮಳೆಗಾಲದ ಒಂದು ರಾತ್ರಿ ಮರುದಿನಕ್ಕೆ ಬೇಕು ಅಂತ ಕಟ್ಟುತ್ತಿದ್ದೆ. ಎದ್ದು ನಿಂತಾಗ ಮೊಣಕೈ ತಾಗಿ ಅದು ಹಾಸುಗಲ್ಲಿನ ಮೇಲೆ ಬಿತ್ತು. ಟಿಣ್ ಅಂತ ಸಣ್ಣ ಸದ್ದು. ಎತ್ತಿ ನೋಡಿದರೆ ಏನೂ ಆದಂತೆ ಕಾಣಲಿಲ್ಲ. ಕೂತು ಮೂರು ಸುತ್ತು ಹಾಕಿದೆ, ದಾರ ಕಡಿಯಿತು. ಮತ್ತೆ ಪೋಣಿಸಿದೆ, ಮತ್ತೆ ಕಡಿಯಿತು. ಹತ್ತಿ ತಿರುಗಿಸಿ ನೋಡಿದರೆ ಅಂಚಿನಲ್ಲಿ ಒಂದೇ ಒಂದು ಎಳೆ ನಿಂತಿತ್ತು. ಬಾಯಿಯಲ್ಲಿ ಕೂದಲಿನಷ್ಟು ಬಿರುಕು. ಉಕ್ಕನ್ನಾದರೆ ಉಜ್ಜಬಹುದು, ಸೆರಾಮಿಕ್ಕಿಗೆ ನನ್ನ ಪೇಸ್ಟು ನೂಲು ಯಾವುದೂ ನಡೆಯಲಿಲ್ಲ. ಈಗ ಎರಡನೆಯದು ಬಂದಿದೆ, ಮೇಜಿನ ಕೆಳಗೆ ದಪ್ಪ ರಬ್ಬರ್ ಚಾಪೆಯೂ ಬಂದಿದೆ.

ಆ ರಾತ್ರಿ ಮಾತ್ರ ನನ್ನ ಹತ್ತಿರ ದಾರ ಹಿಡಿಯುವ ಸಾಮಾನೇ ಇರಲಿಲ್ಲ. ಉಜ್ಜಿದ ಹಳೇ ಬಾಬಿನ್ ಅಂಗಡಿಯಲ್ಲಿತ್ತು. ಇದ್ದದ್ದು ಫೆಸೆಂಟ್ ಹಕ್ಕಿಯ ಬಾಲದ ಗರಿ, ಹದಿನಾಲ್ಕರ ಕೊಕ್ಕೆ, ಜೇಬಿನಲ್ಲಿ ಮೋಟಾರಿನಿಂದ ಉಳಿದ 38 ಗೇಜಿನ ತಂತಿಯ ತುಂಡು. ಅಂದರೆ ಸುಮಾರು ಮಿಲಿಮೀಟರಿನ ಹದಿನೈದು ಶತಾಂಶ ದಪ್ಪ. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರ್ಯಾಂಕ್ ಸಾಯರ್ ತನ್ನ ಫೆಸೆಂಟ್ ಟೇಲ್ ನಿಂಫ್ ಅನ್ನುವ ಫ್ಲೈ ಕಟ್ಟಿದ್ದು ದಾರವಿಲ್ಲದೆ. ಬರೀ ಸಣ್ಣ ತಾಮ್ರದ ತಂತಿಯಿಂದ. ತಂತಿಯೇ ಕಟ್ಟುತ್ತದೆ, ತಂತಿಯೇ ಭಾರ ಕೊಟ್ಟು ಮುಳುಗಿಸುತ್ತದೆ, ತಂತಿಯೇ ಹೊಳೆಯುತ್ತದೆ. ಬಾಬಿನ್ ಬೇಡ, ವಿಪ್ ಫಿನಿಶರ್ ಬೇಡ, ಉಗುರುಬಣ್ಣವೂ ಬೇಡ.

ಮೊದಲು ಎದೆಯ ಭಾಗದಲ್ಲಿ ಉಬ್ಬು ಕಟ್ಟಿದಂತೆ ತಂತಿ ಸುತ್ತಿದೆ. ಗರಿಯ ನಾಲ್ಕು ಎಳೆಗಳ ತುದಿಯನ್ನು ಬಾಲವಾಗಿ ಕಟ್ಟಿ, ಉಳಿದ ಉದ್ದವನ್ನು ತಂತಿಯ ಜೊತೆಗೇ ಹೊಸೆದು ಮುಂದಕ್ಕೆ ಸುತ್ತುತ್ತಾ ಹೋದೆ. ಎದೆಯ ಮೇಲೆ ಎಳೆಗಳನ್ನು ಹಿಂದಕ್ಕೂ ಮುಂದಕ್ಕೂ ಮಡಚಿ, ತಲೆಯ ಹತ್ತಿರ ತಂತಿ ನಾಲ್ಕು ಸುತ್ತು ಬಿಗಿ ಹಾಕಿ ಚಿಟ್ ಅಂತ ಮುರಿದೆ. ಇಪ್ಪತ್ತೆರಡು ವರ್ಷ ಮೋಟಾರಿಗೆ ಮಾಡಿದ್ದನ್ನೇ ಬೆರಳುಗಳು ಕೊಕ್ಕೆಗೆ ಮಾಡಿದವು. ಒಂದೂವರೆ ಗಂಟೆಯಲ್ಲಿ ಒಂಬತ್ತು ಕಟ್ಟಿದೆ, ತಂತಿ ಒಮ್ಮೆಯೂ ಕಡಿಯಲಿಲ್ಲ.